ಪಾಲಿನ ವಿಷಯಕ್ಕೆ ಅಣ್ಣನ ಜೊತೆ ಮಾತು ನಿಂತಿದೆ. ಜಗಳ ಆಗದ ಹಾಗೆ ಮಾತಾಡೋದನ್ನು ಕಲಿಯಲು ಯಾವ ಕೋರ್ಸ್ ಒಳ್ಳೆಯದು?

ಕೋರ್ಸ್ ಬೇಡ. ನಾನು ಕೋರ್ಸ್ ಮುಗಿಸಿಕೊಂಡೇ ಅಣ್ಣನ ಮೇಲೆ ಜಗಳಕ್ಕೆ ಹೋದವನು, ಅದಕ್ಕೇ ಹೇಳ್ತಿದ್ದೇನೆ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಅಪ್ಪ ಹೋದ ಮೇಲೆ ತೋಟ ನೋಡಿಕೊಂಡವನು ಅಣ್ಣ. ನನಗೆ ಬೆಂಗಳೂರಲ್ಲಿ ಕೆಲಸ. ಅಮ್ಮನ ಮಂಡಿ ಆಪರೇಷನ್‌ಗೆ ದುಡ್ಡು ಕಟ್ಟಿದ್ದು ನಾನು. ಹಾಗಾದರೆ ತೋಟದ ದುಡ್ಡು ಎಲ್ಲಿ ಹೋಗ್ತಿದೆ ಅನ್ನೋ ಹುಳ ಆಗ ತಲೆಗೆ ಹೊಕ್ಕಿತು. ಪೇಪರ್‌ನಲ್ಲಿ ಕೊಬ್ಬರಿ ರೇಟು ನೋಡೋದು, ಮರಗಳ ಲೆಕ್ಕಕ್ಕೆ ಗುಣಿಸೋದು. ಕೇಳಿದರೆ ಅಣ್ಣ "ಕಾಯಿ ಇನ್ನೂ ಅಟ್ಟದಲ್ಲೇ ಇದೆ ಕಣೋ" ಅನ್ನುತ್ತಿದ್ದ. ಸುಮ್ನೆ ನೆಪ ಹೇಳ್ತಿದ್ದಾನೆ ಅಂದುಕೊಂಡೆ.

ಅದೇ ಹೊತ್ತಿಗೆ ಆಫೀಸಿನಲ್ಲಿ ಒಂದು ವರ್ಕ್‌ಶಾಪ್ ಆಯ್ತು. ಥಾಮಸ್ ಮತ್ತು ಕಿಲ್ಮನ್ ಅನ್ನೋರು 1974ರಲ್ಲಿ ತಂದ ಪರೀಕ್ಷೆ ಬರೆಸಿದರು. ಜಗಳ ಬಂದಾಗ ಜನ ಐದು ರೀತಿ ನಡೆದುಕೊಳ್ಳುತ್ತಾರಂತೆ: ಪಟ್ಟು ಹಿಡಿಯೋದು, ಬಿಟ್ಟುಕೊಡೋದು, ತಪ್ಪಿಸಿಕೊಳ್ಳೋದು, ನಡುವೆ ರಾಜಿ ಆಗೋದು, ಇಬ್ಬರೂ ಸೇರಿ ದಾರಿ ಹುಡುಕೋದು. ನಾನು ಕೊನೆಯ ಬಗೆಯವನು ಅಂತ ಬಂತು. ನಂಬಿಬಿಟ್ಟೆ ನೋಡಿ! 'ನೀನು ಹೀಗೆ ಮಾಡಿದೆ' ಅನ್ನಬೇಡಿ, 'ನನಗೆ ಹೀಗೆ ಅನ್ನಿಸಿತು' ಅನ್ನಿ ಅಂತಲೂ ಹೇಳಿಕೊಟ್ಟರು.

ಆ ವಾರವೇ ಮೆಸೇಜ್ ಬರೆದೆ. "ಪ್ರೀತಿಯ ಅಣ್ಣ, ತೋಟದ ಲೆಕ್ಕ ಸಿಗದಿದ್ದಾಗ ನನಗೆ ಕಸಿವಿಸಿ ಆಗುತ್ತೆ. ಇಬ್ಬರೂ ಕೂತು ನೋಡೋಣವೇ?" ಜೊತೆಗೊಂದು ಎಕ್ಸೆಲ್ ಶೀಟ್. ಮಾತಿನಲ್ಲಿ ಏನೂ ತಪ್ಪಿಲ್ಲ ಅಲ್ವಾ? ಅದನ್ನು ಹಾಕಿದ್ದು ಮನೆಯವರೆಲ್ಲ ಇರುವ ವಾಟ್ಸಾಪ್ ಗ್ರೂಪಿನಲ್ಲಿ.

ಇದೊಂದನ್ನು ಬಿಡಿಸಿ ಹೇಳಲೇಬೇಕು. ಆ ಗ್ರೂಪಿನಲ್ಲಿ ಅತ್ತಿಗೆ ಇದ್ದರು, ಅತ್ತಿಗೆಯ ತಮ್ಮ ಇದ್ದ, ಚಿಕ್ಕಪ್ಪಂದಿರು ಇದ್ದರು, ಪಿಯುಸಿ ಓದುತ್ತಿದ್ದ ಅಣ್ಣನ ಮಗನೂ ಇದ್ದ. ಎಲ್ಲರಿಗೂ ಗೊತ್ತಿರಲಿ, ಮುಚ್ಚುಮರೆ ಬೇಡ ಅಂತ ಹಾಕಿದೆ ಅಂತ ಆಗ ಹೇಳಿಕೊಂಡಿದ್ದೆ. ನಿಜ ಬೇರೆ. ಚಿಕ್ಕಪ್ಪ 'ಸರಿಯಾಗಿ ಕೇಳಿದ್ದೀಯ' ಅನ್ನಲಿ ಅಂತ ಕಾಯುತ್ತಿದ್ದೆ. ಅಂದರೆ ಅಣ್ಣನ ಹತ್ತಿರ ಮಾತಾಡುವ ಮೊದಲೇ ಪಂಚಾಯ್ತಿ ಸೇರಿಸಿದ್ದೆ. ಬೈದಿದ್ದರೂ ಪರವಾಗಿರಲಿಲ್ಲ, ಅವನೂ ತಿರುಗಿ ಬೈಯುತ್ತಿದ್ದ, ಸಂಜೆಗೆ ಸರಿಹೋಗುತ್ತಿತ್ತು. ನಯವಾಗಿ ಕೇಳಿದ್ದೇ ಕೆಟ್ಟದ್ದಾಯ್ತು. ಸಿಟ್ಟು ಮಾಡಿದರೆ ಅವನೇ ಒರಟ, ಸುಮ್ಮನಿದ್ದರೆ ಕಳ್ಳ, ಲೆಕ್ಕ ಕೊಟ್ಟರೆ ಮಗನ ಎದುರು ತಮ್ಮನಿಗೆ ಲೆಕ್ಕ ಒಪ್ಪಿಸಿದ ಹಾಗೆ. ಅವನಿಗೆ ಬೇರೆ ದಾರಿ ಇಟ್ಟಿರಲಿಲ್ಲ ನಾನು. ಗ್ರೂಪ್ ಬಿಟ್ಟು ಹೋದ. ಮಾತಾಡಿಸಿದಾಗ ಒಂದೇ ಮಾತು ಅಂದ: "ಈ ನಾಟಕ ಎಲ್ಲಿ ಕಲಿತು ಬಂದ್ಯೋ?"

ನನ್ನ ಗೃಹಪ್ರವೇಶಕ್ಕೆ ಅವನು ಬರಲಿಲ್ಲ. ಬಂದ ಅಮ್ಮ ಊಟಕ್ಕೆ ಕೂರಲಿಲ್ಲ. ಆಮೇಲೆ ನಾನೇ ಪಾಲಿನ ದಾವೆ ಹಾಕಿದೆ.

ಜಡ್ಜ್ ಕೇಸನ್ನು ಮಧ್ಯಸ್ಥಿಕೆಗೆ ಕಳಿಸಿದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ ಪ್ರಕಾರ ಹಾಗೆ ಕಳಿಸಬಹುದು. ಅಲ್ಲಿದ್ದವರು ಒಬ್ಬ ಲಾಯರ್ ಮೇಡಂ. ನನ್ನ ಫೈಲ್ ಬಿಚ್ಚಲೇ ಬಿಡಲಿಲ್ಲ. "ಮೊದಲು ನಿಮ್ಮಣ್ಣ ಏನು ಹೇಳ್ತಿದ್ದಾರೆ ಅನ್ನೋದನ್ನು ನೀವು ಹೇಳಿ. ಅವರು ಹೌದು ಅನ್ನಬೇಕು" ಅಂದರು.

"ಕಾಯಿ ಅಟ್ಟದಲ್ಲಿದೆ ಅಂತ ನೆಪ ಹೇಳ್ತಾನೆ."

"ನೆಪ ಅಂತ ನಾನೆಲ್ಲಿ ಅಂದೆ?" ಅಂದ ಅಣ್ಣ.

ಮತ್ತೆ ಹೇಳಿದೆ, ಮತ್ತೆ ತಪ್ಪಾಯ್ತು. ಕೊನೆಗೆ ಅವನೇ ಬಿಡಿಸಿ ಹೇಳಿದ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಒಣಗಬೇಕು. ಈ ವರ್ಷ ಮಾರುವುದು ಹೋದ ವರ್ಷದ ಕಾಯಿ. ಹೋದ ವರ್ಷ ನುಸಿ, ಕಾಂಡ ಸೋರುವ ರೋಗ ಎರಡೂ ಬಿದ್ದು ಫಸಲು ಕೈಕೊಟ್ಟಿತ್ತು. ರೇಟು ಏರಿದಾಗ ಅಟ್ಟದಲ್ಲಿ ಇದ್ದದ್ದೇ ಕಡಿಮೆ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಚಿಕ್ಕವನಿದ್ದಾಗ ಅಟ್ಟ ಹತ್ತಿ ಕಾಯಿಯನ್ನು ಕಿವಿ ಹತ್ತಿರ ಕುಲುಕಿ, ಒಳಗೆ ಗಡಗಡ ಅಂದರೆ 'ಆಯ್ತು' ಅಂತ ಅಪ್ಪನಿಗೆ ಕೂಗಿ ಹೇಳುತ್ತಿದ್ದವನೇ ನಾನು. ಎಕ್ಸೆಲ್‌ನಲ್ಲಿ ಅಟ್ಟಕ್ಕೆ ಕಾಲಂ ಇರಲಿಲ್ಲ ಅಷ್ಟೆ.

ಕೇಸ್ ರಾಜಿ ಆಯ್ತು. ಅಣ್ಣ ಈಗ ಮಾತಾಡ್ತಾನೆ, ಆದರೆ ಮೊದಲಿನ ಸಲಿಗೆ ಇಲ್ಲ.

ಈಗ ನಿಮ್ಮ ವಿಷಯ. ಜಗಳ ಆಗಬಾರದು ಅನ್ನೋ ಆಸೆಯನ್ನೇ ಮೊದಲು ಬಿಡಿ. ಆಸ್ತಿ ಪಾಲು ಅಂದ ಮೇಲೆ ದನಿ ಏರುತ್ತೆ, ಏರಲಿ. ನಿಮ್ಮಿಬ್ಬರ ಮಧ್ಯೆ ಏರಲಿ. ಹಬ್ಬದ ದಿನ ಬೇಡ, ಹೆಂಡತಿ-ಮಕ್ಕಳ ಎದುರು ಬೇಡ, ಗ್ರೂಪಿನಲ್ಲಂತೂ ಬೇಡವೇ ಬೇಡ. ಊರಿಗೆ ಹೋಗಿ. ಅವರ ಮಾತನ್ನು ಅವರು ಹೌದು ಅನ್ನುವವರೆಗೆ ನೀವೇ ಹೇಳಿ, ಆಮೇಲೆ ನಿಮ್ಮದು. ಕೋರ್ಸಿನಲ್ಲಿ ಕಲಿತ ವಾಕ್ಯ ಒಂದೂ ಬಳಸಬೇಡಿ. ಒಡಹುಟ್ಟಿದವರಿಗೆ ಬಾಯಿಪಾಠ ತಕ್ಷಣ ಗೊತ್ತಾಗುತ್ತೆ. ಗಂಡ-ಹೆಂಡಿರ ಜಗಳಗಳನ್ನು ದಶಕಗಟ್ಟಲೆ ಗಮನಿಸಿದ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳುವ ಒಂದು ಮಾತು ಮಾತ್ರ ಉಪಯೋಗಕ್ಕೆ ಬರುತ್ತೆ: ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಇಳಿಯಲ್ಲ, ಕನಿಷ್ಠ 20 ನಿಮಿಷ ಮಾತು ನಿಲ್ಲಿಸಿ. ಎದ್ದು ತೋಟದ ಕಡೆ ಒಂದು ಸುತ್ತು ಹೋಗಿ ಬನ್ನಿ.

ಆಗಲೇ ಇಲ್ಲ ಅಂದರೆ ಮೂರನೆಯವರು ಬೇಕು. ಸೋದರಮಾವ, ಚಿಕ್ಕಪ್ಪ ಬೇಡ, ಅವರಿಗೂ ಒಂದು ಪಕ್ಷ ಇರುತ್ತೆ. ಕೋರ್ಟಿನ ಮಧ್ಯಸ್ಥಿಕೆದಾರರಿಗೆ 40 ಗಂಟೆ ತರಬೇತಿ ಆಗಿರುತ್ತೆ, ಅಲ್ಲಿ ಆಡಿದ ಮಾತನ್ನು ಮುಂದೆ ಕೋರ್ಟಿನಲ್ಲಿ ಸಾಕ್ಷಿ ಮಾಡುವ ಹಾಗಿಲ್ಲ. ಬೆಂಗಳೂರಲ್ಲಿ ಹೈಕೋರ್ಟ್ ಅಡಿಯ ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೆ. ದಾವೆ ಹಾಕದೆಯೂ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ನಾನು ದಾವೆ ಹಾಕಿದ ಮೇಲೆ ಇದು ತಿಳಿಯಿತು.

ಅಂದ ಹಾಗೆ, ಪ್ರಶ್ನೆಯಲ್ಲಿ ಅಣ್ಣ ಮಾತ್ರ ಇದ್ದಾರೆ. ಅಕ್ಕತಂಗಿಯರು ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ನೀವಿಬ್ಬರೇ ಒಪ್ಪಿಕೊಂಡು ಬಂದರೆ ಅಲ್ಲಿಂದ ಇನ್ನೊಂದು ಜಗಳ ಶುರು.