ಪಿಎಚ್.ಡಿ. ಪ್ರಬಂಧದಲ್ಲಿ ಶೇ. 10ರಷ್ಟು ನಕಲಿಗೆ ಅನುಮತಿ ಇದೆಯೇ?

ಇಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲವೆಂದಿದೆಯೇ ಹೊರತು, ಅಷ್ಟನ್ನು ಕದಿಯಬಹುದು ಎಂದಿಲ್ಲ.

ಗೊಂದಲದ ಮೂಲ ಇರುವುದು ಹೋಲಿಕೆಯನ್ನು ಅಳೆಯುವ ತಂತ್ರಾಂಶ ಕೆಲಸ ಮಾಡುವ ರೀತಿಯಲ್ಲಿ. ಅದು ಪ್ರಬಂಧವನ್ನು ಸಣ್ಣ ಸಣ್ಣ ಪದಸರಣಿಗಳಾಗಿ ಒಡೆದು, ಅಂತರ್ಜಾಲದ ಪುಟಗಳು, ಸಂಶೋಧನ ಪತ್ರಿಕೆಗಳು ಮತ್ತು ಹಳೆಯ ಪ್ರಬಂಧಗಳ ಸಂಗ್ರಹದೊಡನೆ ತಾಳೆ ನೋಡಿ, ಹೊಂದಿಕೆಯಾದ ಭಾಗದ ಪ್ರಮಾಣವನ್ನಷ್ಟೇ ಹೇಳುತ್ತದೆ. ಬರೆದವರ ಉದ್ದೇಶ ಅದಕ್ಕೆ ತಿಳಿಯದು. "ಪ್ರಸ್ತುತ ಅಧ್ಯಯನದ ಉದ್ದೇಶಗಳು ಈ ಕೆಳಗಿನಂತಿವೆ" ಎಂಬ ಸವೆದ ವಾಕ್ಯವೂ ಹೋಲಿಕೆಯೆಂದೇ ತೋರಬಹುದು. ಶೇ. 10ರ ಮಿತಿಯನ್ನು ಇಂಥ ಆಕಸ್ಮಿಕ ಹೊಂದಿಕೆಗಳಿಗೆ ಬಿಟ್ಟ ಜಾಗವೆಂದು ತಿಳಿಯುವುದೇ ಸರಿ. ಮೂಲವನ್ನು ಹೆಸರಿಸಿದ ಉದ್ಧರಣೆಗಳನ್ನೂ ಗ್ರಂಥಸೂಚಿಯನ್ನೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೋಲಿಕೆ ಶೇ. 10 ಮೀರಿ ಶೇ. 40ರವರೆಗೆ ಹೋದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, ಶೇ. 60ರವರೆಗಾದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು.

ಇಂಗ್ಲಿಷ್ ಲೇಖನವೊಂದನ್ನು ಯಂತ್ರಾನುವಾದದಿಂದ ಕನ್ನಡಕ್ಕಿಳಿಸಿ ತನ್ನದೆಂದು ಕೊಟ್ಟರೆ, ಪದಗಳು ಬೇರೆಯಾದ್ದರಿಂದ ಹೋಲಿಕೆ ಶೇ. 2 ಎಂದೇ ಬರಬಹುದು. ಆದರೂ ಅದು ಕೃತಿಚೌರ್ಯವೇ. ಅದನ್ನು ಪತ್ತೆಹಚ್ಚಬೇಕಾದವರು, ವಿಷಯ ಬಲ್ಲ ಮಾರ್ಗದರ್ಶಕರು.