ಬಾನೆಟ್ ಹಿಂದೆ ವಾಷರ್ ಹಾಕಿ ಎತ್ತಿದ್ರೆ ಇಂಜಿನ್ ತಣ್ಣಗಾಗತ್ತಾ?

ಪ್ರಶ್ನೆ: ಶಿರಾಡಿ ಘಾಟ್ ಹತ್ತುವಾಗ ನಮ್ ಹಳೇ ಕಾರಿನ ಟೆಂಪರೇಚರ್ ಮುಳ್ಳು ಮೇಲೇರತ್ತೆ. ಹಿಂಜ್ ಕೆಳಗೆ ವಾಷರ್ ಕೊಟ್ಟು ಬಾನೆಟ್ ಹಿಂಭಾಗ ಎತ್ತಿದ್ರೆ ಬಿಸಿಗಾಳಿ ಹೋಗತ್ತೆ ಅಂತಾರೆ, ಮಾಡಿಸ್ಲಾ? – ಓದುಗರು, ಸಕಲೇಶಪುರ

ಉತ್ತರ: ದಯವಿಟ್ಟು ಬೇಡ. ನಿಂತಿದ್ದಾಗ ಬಿಸಿಗಾಳಿ ಆ ಸಂದಿಯಿಂದ ಮೇಲೆ ಹೋಗೋದು ನಿಜ, ಆದ್ರೆ ಓಡುವಾಗ ಗಾಳಿ ಮುಂದಿನ ಗಾಜಿಗೆ ಬಡಿದು ಅದರ ಬುಡದಲ್ಲೇ ಒತ್ತಡ ಜಾಸ್ತಿ ಆಗತ್ತೆ, ಹಾಗಾಗಿ ಗಾಳಿ ಹೊರಗೆ ಬರೋ ಬದಲು ಒಳಗೇ ನುಗ್ಗತ್ತೆ, ರೇಡಿಯೇಟರ್ ಹಿಂದೆ ಒತ್ತಡ ಏರಿ ಅದರ ಮೂಲಕ ಹಾಯೋ ಗಾಳಿನೇ ಕಮ್ಮಿ ಆಗತ್ತೆ. 1969ರ ಷೆವರ್ಲೆ ಕ್ಯಾಮರೋದಲ್ಲಿ ಬಾನೆಟ್ಟಿನ ಹಿಂತುದಿಯಿಂದ ಇಂಜಿನ್ನಿಗೆ ಗಾಳಿ ಎಳ್ಕೊಳ್ಳೋ ಕೌಲ್ ಇಂಡಕ್ಷನ್ ಆಯ್ಕೆ ಇತ್ತು, ಅದು ಇದೇ ಒತ್ತಡ ನಂಬ್ಕೊಂಡಿದ್ದು. ಜೊತೆಗೆ ಎಸಿಗೆ ಗಾಳಿ ಹೋಗೋದೂ ಅಲ್ಲಿಂದ್ಲೇ, ಇಂಜಿನ್ ಹೊಗೆ ಕ್ಯಾಬಿನ್ನಿಗೆ ಬಂದ್ರೆ ಮಕ್ಕಳಿಗೆ ಅಪಾಯ.

ಬಿಸಿ ಹೊರಹಾಕೋ ವೆಂಟ್ ಇರಬೇಕಾದ್ದು ರೇಡಿಯೇಟರ್ ಹಿಂದೆ, ಬಾನೆಟ್ಟಿನ ಮುಂಭಾಗದಲ್ಲಿ, ಅಲ್ಲಿ ಗಾಳಿ ಬಾಗಿ ವೇಗವಾಗಿ ಹರಿಯೋದ್ರಿಂದ ಒತ್ತಡ ಕಮ್ಮಿ. ಗಾಳಿ ಹೇಗೆ ಹರಿಯತ್ತೆ ಅಂತ ನೋಡ್ಬೇಕಂದ್ರೆ ಉಲ್ಲನ್ ದಾರದ ತುಂಡುಗಳನ್ನ ಟೇಪಿಂದ ಬಾನೆಟ್ ತುಂಬಾ ಅಂಟಿಸಿ, ಪಕ್ಕದ ಸೀಟಲ್ಲಿರೋರು ವಿಡಿಯೋ ಮಾಡ್ಲಿ: ಮುಂದಿನವು ನೆಟ್ಟಗೆ ಹಿಂದಕ್ಕೆ ಎಳ್ಕೊಂಡಿರತ್ವೆ, ಗಾಜಿನ ಹತ್ರದವು ದಿಕ್ಕುತಪ್ಪಿ ಒದ್ದಾಡ್ತವೆ.

ಸುಬಾರು ಡಬ್ಲ್ಯೂಆರ್‌ಎಕ್ಸ್ ಕಾರಿನ ಬಾನೆಟ್ ಮೇಲಿನ ಸ್ಕೂಪ್ (ಗಾಳಿ ಒಳಗೆಳೆಯೋ ಬಾಯಿ) ನೋಡಿ ಆಸೆಪಡ್ಬೇಡಿ, ಅದು ಟರ್ಬೋ ಒತ್ತಿ ಕಳಿಸೋ ಗಾಳಿನ ತಣ್ಣಗೆ ಮಾಡೋ ಇಂಟರ್‌ಕೂಲರಿಗೆ, ರೇಡಿಯೇಟರಿಗಲ್ಲ.

ಘಾಟಲ್ಲಿ ಸೆಕೆಂಡ್ ಗೇರಲ್ಲಿ ತೆವಳುವಾಗ ಎದುರುಗಾಳಿ ಕಮ್ಮಿ, ಫ್ಯಾನೇ ಎಲ್ಲಾ ಮಾಡ್ಬೇಕು. ಮೊದ್ಲು ಫ್ಯಾನು, ಥರ್ಮೋಸ್ಟಾಟು, ಕೂಲಂಟ್ ಮಟ್ಟ ಚೆಕ್ ಮಾಡ್ಸಿ, ರೇಡಿಯೇಟರ್ ರೆಕ್ಕೆಗಳಲ್ಲಿ ಸಿಕ್ಕಿರೋ ಹುಳ, ಕೆಸರು ಮೆಲ್ಲಗೆ ತೊಳೆಸಿ. ಇಂಜಿನ್ ಬಿಸಿ ಇದ್ದಾಗ ಮಾತ್ರ ರೇಡಿಯೇಟರ್ ಕ್ಯಾಪ್ ತೆಗೀಲೇಬೇಡಿ.