ಹದಿನೈದು ವರ್ಷದಿಂದ ಅಟ್ಟದಲ್ಲಿರುವ ಅಪ್ಪನ ಎನ್‌ಎಡಿ 3020 ಆಂಪ್ಲಿಫೈಯರ್: ಹಳೆಯದರ ಸೌಂಡ್ ನಿಜಕ್ಕೂ ಚೆನ್ನಾಗಿರುತ್ತಾ, ಮಾರಿ ಹೊಸದು ತಗೊಳ್ಳಲಾ?

ಮಾರುವ ಮಾತು ಆಮೇಲೆ. ಮೊದಲು, ಅದನ್ನು ಪ್ಲಗ್‌ಗೆ ಹಾಕಬೇಡಿ. ಹದಿನೈದು ವರ್ಷದಿಂದ ಅಟ್ಟದಲ್ಲಿದೆ ಅಂದಿರಲ್ಲ, ನಮ್ಮನೆಯಲ್ಲೂ ಇದೇ ಕಥೆ.

ನಮ್ಮಪ್ಪ ಮಸ್ಕತ್‌ನಲ್ಲಿದ್ದಾಗ ಕೊಂಡದ್ದು. ರಜೆಗೆ ಬರುವಾಗ ಬೆಡ್‌ಶೀಟ್‌ನಲ್ಲಿ ಸುತ್ತಿ ತಂದಿದ್ದರು, ಜೊತೆಗೆ ಎರಡು ಸ್ಪೀಕರ್. ಮುಂದಿನ ಐದು ಪುಟ್ಟ ದೀಪ ಹಾಡಿಗೆ ಏರಿಳಿಯುವುದನ್ನು ನೋಡಲು ಪಕ್ಕದ ಮನೆ ಮಕ್ಕಳೂ ಬರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅಟ್ಟ ಸೇರಿತು. ಕರಾವಳಿಯ ಮಳೆ, ಉಪ್ಪುಗಾಳಿ, ಹದಿನೆಂಟು ವರ್ಷ.

ಒಂದು ಭಾನುವಾರ ಕೆಳಗಿಳಿಸಿ, ಧೂಳು ಒರೆಸಿ, ಅದೇ ಸ್ಪೀಕರ್‌ಗಳನ್ನು ಸಿಕ್ಕಿಸಿ ಸ್ವಿಚ್ ಒತ್ತಿದೆ. ಗುಂಯ್ ಅಂತ ಸದ್ದು. ಎಡಗಡೆ ವೂಫರ್‌ನ (ದಪ್ಪ ಸದ್ದು ಕೊಡುವ ದೊಡ್ಡ ಸ್ಪೀಕರ್) ಕೋನ್ ಮುಂದಕ್ಕೆ ಉಬ್ಬಿ ಹಾಗೇ ನಿಂತುಬಿಟ್ಟಿತು. ಏನೆಂದು ತಿಳಿಯುವಷ್ಟರಲ್ಲಿ ಸುಟ್ಟ ವಾರ್ನಿಷ್ ವಾಸನೆ.

ಆಗಿದ್ದೇನೆಂದು ಮಂಗಳೂರಿನ ಹಂಪನಕಟ್ಟೆ ಕಡೆ ರಿಪೇರಿ ಮಾಡುವ ಹಿರಿಯರೊಬ್ಬರು ಬಿಡಿಸಿ ಹೇಳಿದರು. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ (ಕರೆಂಟನ್ನು ಕೂಡಿಟ್ಟು ಕೊಡುವ ಡಬ್ಬಿಗಳು) ಅಲ್ಯುಮಿನಿಯಂ ಹಾಳೆಯ ಮೇಲೆ ಆಕ್ಸೈಡಿನ ತೆಳು ಪದರ ಇರುತ್ತದೆ. ಕರೆಂಟ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಆ ಪದರ ಸವೆಯುತ್ತದೆ, ಒಳಗಿನ ದ್ರವವೂ ಒಣಗುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಕೆಪಾಸಿಟರ್ ತಡೆಯುವುದಿಲ್ಲ. ನನ್ನದರಲ್ಲಿ ಒಂದು ಕಡೆಯ ಸಪ್ಲೈ ಕುಸಿದು, ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ, ಹಾಡಿನ ಬದಲು ಡಿಸಿ (ಒಂದೇ ದಿಕ್ಕಿನ ಕರೆಂಟ್) ನೇರ ಸ್ಪೀಕರ್‌ಗೆ ಹರಿದಿತ್ತು. ಸ್ಪೀಕರ್ ಒಳಗಿನ ತಂತಿಸುರುಳಿ, ಕಾಯಿಲ್, ಸುಟ್ಟಿತು. ಸ್ಪೀಕರ್ ತೆಗೆದಿಟ್ಟು, 60 ವಾಟಿನ ಹಳೆ ತಂತಿ ಬಲ್ಬನ್ನು ಸೀರೀಸ್‌ನಲ್ಲಿ (ಕರೆಂಟ್ ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವಂತೆ) ಹಾಕಿ ಆನ್ ಮಾಡಿದ್ದರೆ ಬಲ್ಬು ಉರಿಯುತ್ತಲೇ ಇರುತ್ತಿತ್ತು, ಒಳಗೆ ಕೆಟ್ಟಿದೆ ಅಂತ ಗೊತ್ತಾಗುತ್ತಿತ್ತು. ಎಲ್ಲ ಸರಿಯಿದ್ದರೆ ಬಲ್ಬು ಒಮ್ಮೆ ಮಿಂಚಿ ಮಂಕಾಗುತ್ತದೆ. ಇಷ್ಟೇ ಕೆಲಸ. ನಾನು ಮಾಡಲಿಲ್ಲ. ಆಂಪ್ಲಿಫೈಯರ್ ಬದುಕಿತು, ಅಪ್ಪನ ಆ ವೂಫರ್‌ಗೆ ಜೋಡಿ ಇವತ್ತಿಗೂ ಸಿಕ್ಕಿಲ್ಲ.

ಇನ್ನು ‘ಸೌಂಡ್ ಚೆನ್ನಾಗಿರುತ್ತಾ’ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೆಪಾಸಿಟರ್ ಒಣಗಿದ ಹಳೆ ಸೆಟ್ಟಿನಲ್ಲಿ ನೀವು ಕೇಳುವುದು ಅದರ ಕಾಯಿಲೆಯನ್ನು. 3020 ದೊಡ್ಡದಾಗಿದ್ದು ಬೇರೆ ಕಾರಣಕ್ಕೆ. 1978ರಲ್ಲಿ ಎನ್‌ಎಡಿಯ ಎಂಜಿನಿಯರ್ ಎರಿಕ್ ಎಡ್ವರ್ಡ್‌ಸನ್ ವಿನ್ಯಾಸ ಮಾಡಿದ್ದು, ಕಾಗದದ ಮೇಲೆ ಬರೀ 20 ವಾಟ್. ಆದರೆ ಹೆಚ್ಚು ಕರೆಂಟ್ ಬೇಡುವ ಕಷ್ಟದ ಸ್ಪೀಕರ್ ಕೊಟ್ಟರೂ ಸೋಲುವುದಿಲ್ಲ, ತಬಲಾದ ಪೆಟ್ಟು ಬಿದ್ದಾಗ ಆ 20ಕ್ಕಿಂತ ಎಷ್ಟೋ ಮೇಲಕ್ಕೆ ಹೋಗಿಬರುತ್ತದೆ. ಮುಚ್ಚಳ ಬಿಚ್ಚಿದರೆ ಒಂದೊಂದು ಬಿಡಿಭಾಗವೂ ಕಣ್ಣಿಗೆ ಕಾಣುತ್ತದೆ, ಬೆಸುಗೆ ಬಿಚ್ಚಿ ಬದಲಿಸಬಹುದು. ಅದರ ಟು ಎನ್ 3055 ಟ್ರಾನ್ಸಿಸ್ಟರ್ ಈಗಲೂ ಅಂಗಡಿಯಲ್ಲಿ ಸಿಗುತ್ತದೆ (ನಕಲಿಯೂ ಬಹಳ, ನಂಬಿಕೆಯ ಕಡೆಯೇ ಕೊಳ್ಳಿ). ಹೊಸ ಬ್ಲೂಟೂತ್ ಡಬ್ಬಿಯಲ್ಲಿ ಚಿಪ್ ಹೋದರೆ ಬೋರ್ಡೇ ಗುಜರಿಗೆ.

ಹಾಗಾಗಿ ಮಾರಬೇಡಿ. ಕೈಪಳಗಿದ ಒಬ್ಬರಿಗೆ ಕೊಟ್ಟು ಕೆಪಾಸಿಟರ್ ಬದಲಿಸಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಬರೀ ಮಿಲಿವೋಲ್ಟ್‌ಗಳಲ್ಲಿದೆ ಅಂತ ಮೀಟರ್‌ನಲ್ಲಿ ನೋಡಿದ ಮೇಲೆಯೇ ಸ್ಪೀಕರ್ ಸಿಕ್ಕಿಸಿ. ಅಟ್ಟದಿಂದ ಇಳಿಸುವಾಗ ಹಿಂಭಾಗ ನೋಡಿ: ಪ್ರೀ-ಔಟ್, ಮೇನ್-ಇನ್ ಎಂಬ ಸಾಕೆಟ್‌ಗಳ ನಡುವೆ ಯು ಆಕಾರದ ಎರಡು ಲೋಹದ ಕಡ್ಡಿ ಇರಬೇಕು. ಅವು ಬಿದ್ದುಹೋಗಿದ್ದರೆ ಸದ್ದೇ ಬರುವುದಿಲ್ಲ, ಸೆಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಅಟ್ಟದಲ್ಲೇ ಹುಡುಕಿ.